ಪಾರ್ಥೇನಿಯಮ್ ಎಂಬ ಕಳೆ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹದಿನೈದು ದಿನಗಳು ಕಳೆಯುವಷ್ಟರಲ್ಲಿ ನಮ್ಮ ನಾಡಿನ ಬಯಲುಸೀಮೆ ಹಸುರನ್ನು ಹೊದೆಯುತ್ತದೆ. ರಸ್ತೆಯ ಇಕ್ಕೆಲಗಳು, ರೈಲು ಹಳಿಯ ಬದಿ, ಕೆರೆಯ ಏರಿ, ಹೊಲದ ಬದು, ಊರ ಹೊರಗಿನ ಪಾಳುನೆಲ, ಪಟ್ಟಣದ ಖಾಲಿ ನಿವೇಶನ, ಎಲ್ಲೆಲ್ಲಿಯೂ ಹಸುರು. ದೂರದಿಂದ ನೋಡುವವರಿಗೆ ಅದು ಸಮೃದ್ಧಿಯ ಕುರುಹಿನಂತೆ ತೋರುತ್ತದೆ. ಹತ್ತಿರಕ್ಕೆ ಹೋಗಿ ನೋಡಿದರೆ ಮಾತು ಬೇರೆ. ಅಲ್ಲಿ ಗರಿಕೆ ಕಾಣದು, ತುಂಬೆ ಕಾಣದು, ದನಕರುಗಳು ಮೇಯುವ ಹುಲ್ಲು ಕಾಣದು. ಎಷ್ಟೋ ಕಡೆಗಳಲ್ಲಿ ಆ ಹಸುರೆಲ್ಲವೂ ಒಂದೇ ಜಾತಿಯ ಗಿಡದ್ದಾಗಿರುತ್ತದೆ. ಸೀಳುಸೀಳಾದ ಎಲೆ, ಗೆರೆಗೆರೆಯಾದ ಕಾಂಡ, ಕೊನೆಗೊನೆಗಳಲ್ಲಿ ಚೆಲ್ಲಿದ ಅಕ್ಕಿನುಚ್ಚಿನಂತಹ ಬಿಳಿಯ ಹೂಗಳು. ಈ ಗಿಡವೇ ಪಾರ್ಥೇನಿಯಮ್.

ಜನ ಇದನ್ನು 'ಕಾಂಗ್ರೆಸ್ ಹುಲ್ಲು' ಎಂದೋ 'ಕಾಂಗ್ರೆಸ್ ಗಿಡ' ಎಂದೋ ಕರೆಯುತ್ತಾರೆ. ಎಲೆಯು ಗಜ್ಜರಿಯ ಎಲೆಯನ್ನು ಹೋಲುವುದರಿಂದ ಮಹಾರಾಷ್ಟ್ರದಲ್ಲಿ ಇದಕ್ಕೆ 'ಗಾಜರ ಗವತ', ಅಂದರೆ ಗಜ್ಜರಿ ಹುಲ್ಲು, ಎಂಬ ಹೆಸರು ಬಂದಿದೆ. ಹುಲ್ಲೆಂಬುದು ಬಾಯಿಮಾತಿನ ಹೆಸರು ಮಾತ್ರ. ರಾಗಿ, ಭತ್ತ, ಜೋಳಗಳು ಸೇರಿರುವ ಹುಲ್ಲಿನ ಕುಟುಂಬಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಸ್ವೀಡನ್ ದೇಶದ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ 'ಪಾರ್ಥೇನಿಯಮ್ ಹಿಸ್ಟರೋಫೋರಸ್' ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಇದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ತಾನಾಗಿಯೇ ಹುಟ್ಟಿ ಬೆಳೆಯುವ, ಒಂದು ವರ್ಷದೊಳಗೆ ಹುಟ್ಟು ಸಾವುಗಳೆರಡನ್ನೂ ಕಾಣುವ ಮೂಲಿಕೆ.

ಸೂರ್ಯಕಾಂತಿಯ ಕುಟುಂಬ ಬಹಳ ದೊಡ್ಡದು. ಹೂಬಿಡುವ ಸಸ್ಯಗಳ ಪೈಕಿ 20,000ಕ್ಕೂ ಹೆಚ್ಚಿನ ಜಾತಿಗಳು ಇದರಲ್ಲಿವೆ. ದೇವರ ತಲೆಗೇರುವ ಸೇವಂತಿಗೆ, ಹಬ್ಬದ ತೋರಣಕ್ಕೆ ಒದಗುವ ಚೆಂಡುಹೂ, ಎಣ್ಣೆಯನ್ನು ಕೊಡುವ ಕುಸುಬೆ ಮತ್ತು ಹುಚ್ಚೆಳ್ಳು, ತಲೆಗೂದಲಿನ ಎಣ್ಣೆಗೆ ಬಳಸುವ ಗರುಗ, ಪರಿಮಳದ ದವನ, ಇವೆಲ್ಲವೂ ಈ ಕುಟುಂಬದವೇ. ಪಾರ್ಥೇನಿಯಮ್ಮಿನ ಹತ್ತಿರದ ದಾಯಾದಿಯಾದ 'ಗ್ವಾಯೂಲೆ' ಎಂಬ ಮೆಕ್ಸಿಕೋ ದೇಶದ ಪೊದೆಯಲ್ಲಿ ರಬ್ಬರ್ ದೊರೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಲಯ ದೇಶದ ರಬ್ಬರ್ ತೋಟಗಳು ಜಪಾನಿನ ವಶವಾದಾಗ ಅಮೆರಿಕದವರು ಈ ಪೊದೆಯನ್ನು ಬೆಳೆಸಿ ರಬ್ಬರ್ ತೆಗೆಯಲು ಯತ್ನಿಸಿದರು. ಇಂತಹ ಉಪಕಾರಿಗಳ ವಂಶದಲ್ಲಿ ಹುಟ್ಟಿದ ಈ ಗಿಡ ಮಾತ್ರ ನಮ್ಮ ಪಾಲಿಗೆ ಅಪಕಾರಿಯಾದುದು ಹೇಗೆ? ಅದನ್ನು ತಿಳಿಯಬೇಕಾದರೆ ಗಿಡವನ್ನು ತುಸು ಹತ್ತಿರದಿಂದ ನೋಡಬೇಕು.

ಪಾರ್ಥೇನಿಯಮ್ಮಿನ ಎಳೆಯ ಸಸಿ ಮೊದಲು ನೆಲಕ್ಕಂಟಿಕೊಂಡು, ಎಲೆಗಳನ್ನು ಚಕ್ರಾಕಾರವಾಗಿ ಹರಡುತ್ತದೆ. ಆ ಎಲೆಗಳ ಕೆಳಗೆ ಬೇರೊಂದು ಸಸಿ ತಲೆಯೆತ್ತುವುದು ಕಷ್ಟ. ಹೀಗೆ ತನ್ನ ಸುತ್ತಣ ನೆಲವನ್ನು ಮೊದಲು ಕೈವಶ ಮಾಡಿಕೊಂಡು, ಆಮೇಲೆ ಅದು ಕಾಂಡವನ್ನು ಮೇಲೆತ್ತಿ ಕವಲೊಡೆಯುತ್ತದೆ. ಒಣನೆಲದಲ್ಲಿ ಗೇಣುದ್ದದ ಗಿಡವೇ ಹೂಬಿಡುವುದುಂಟು. ನೀರು ಗೊಬ್ಬರಗಳು ದೊರೆತಲ್ಲಿ ಅದೇ ಗಿಡ ಒಂದು ಮೀಟರನ್ನೂ ಮೀರಿ ಬೆಳೆಯಬಲ್ಲುದು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಮೊದಲ ಹೂಗಳು ಕಾಣಿಸಿಕೊಳ್ಳುತ್ತವೆ. ನೆಲದಲ್ಲಿ ತೇವವಿರುವ ತನಕ ಗಿಡ ಹೂಬಿಡುತ್ತಲೇ ಇರುತ್ತದೆ.

ನಾವು ಒಂದು ಹೂ ಎಂದು ತಿಳಿಯುವ ಆ ಬಿಳಿಯ ಬಿಂದು ನಿಜವಾಗಿ ಒಂದು ಹೂವಲ್ಲ. ಹಲವು ಕಿರುಹೂಗಳು ಒತ್ತಾಗಿ ಕೂಡಿದ ಗೊಂಚಲು. ಸೂರ್ಯಕಾಂತಿಯ ತಟ್ಟೆಯಂತಹ ಹೂವೂ ಹೀಗೆಯೇ ರಚಿತವಾದದ್ದು. ಪಾರ್ಥೇನಿಯಮ್ಮಿನ ಗೊಂಚಲಿನ ಅಗಲ ಸುಮಾರು ನಾಲ್ಕು ಮಿಲಿಮೀಟರ್ ಮಾತ್ರ. ಅದರ ಅಂಚಿನಲ್ಲಿ ಐದು ಹೆಣ್ಣು ಕಿರುಹೂಗಳಿವೆ. ನಡುವೆ ಇರುವ ಹತ್ತಾರು ಕಿರುಹೂಗಳು ಪರಾಗವನ್ನು ಮಾತ್ರ ಕೊಡುತ್ತವೆ. ಅಂಚಿನ ಒಂದೊಂದು ಕಿರುಹೂವಿನಿಂದ ಒಂದೊಂದು ಬೀಜವಾಗುತ್ತದೆ. ಅಂದರೆ ಒಂದು ಗೊಂಚಲಿಗೆ ಐದೇ ಬೀಜ. ಐದು ಎಂದರೆ ಅಲ್ಪವೆನಿಸಬಹುದು. ಆದರೆ ಚೆನ್ನಾಗಿ ಬೆಳೆದ ಒಂದು ಗಿಡ ಸಾವಿರಾರು ಗೊಂಚಲುಗಳನ್ನು ಹೊರುವುದರಿಂದ, ಅದು 15,000ದಿಂದ 25,000 ಬೀಜಗಳನ್ನು ಉದುರಿಸಬಲ್ಲುದೆಂದು ವಿಜ್ಞಾನಿಗಳು ಎಣಿಸಿದ್ದಾರೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ಒಂದು ಗಿಡದಿಂದ 15,000 ಬೀಜಗಳು ಬಿದ್ದುವೆನ್ನೋಣ. ನೂರಕ್ಕೆ ತೊಂಬತ್ತೊಂಬತ್ತು ಬೀಜಗಳು ಕೆಟ್ಟುಹೋಗಿ ಒಂದೇ ಒಂದು ಬದುಕಿ ಬೆಳೆದರೂ 150 ಗಿಡಗಳಾಗುತ್ತವೆ. ಅವುಗಳಿಂದ ಮತ್ತೆ 22 ಲಕ್ಷ 50 ಸಾವಿರ ಬೀಜಗಳು. ಅವುಗಳಲ್ಲಿಯೂ ನೂರಕ್ಕೆ ಒಂದೇ ಉಳಿದರೆ 22,500 ಗಿಡಗಳು. ಎರಡೇ ಪೀಳಿಗೆಗಳಲ್ಲಿ ಒಂದು ಗಿಡ ಒಂದು ಹೊಲವನ್ನೇ ತುಂಬಿತು! ಬೀಜಗಳು ಬಲು ಹಗುರ. ಪ್ರತಿ ಬೀಜದ ಎರಡು ಪಕ್ಕಗಳಲ್ಲಿಯೂ ಗಾಳಿ ತುಂಬಿದ ಪುಟ್ಟ ಚೀಲಗಳಂತಹ ಭಾಗಗಳಿವೆ. ಆದ್ದರಿಂದ ಅವು ಹರಿಯುವ ನೀರಿನಲ್ಲಿ ತೇಲುತ್ತವೆ. ಸ್ವಲ್ಪ ದೂರ ಗಾಳಿಯಲ್ಲಿಯೂ ಸಾಗುತ್ತವೆ. ಗಾಡಿಯ ಚಕ್ರದ ಕೆಸರು, ದನಗಳ ಗೊರಸು, ಒಯ್ದು ಸುರಿದ ಮಣ್ಣು, ಶುದ್ಧಮಾಡದ ಬಿತ್ತನೆಯ ಕಾಳು, ಇವೆಲ್ಲವೂ ಅವುಗಳಿಗೆ ವಾಹನಗಳೇ. ಮಣ್ಣಿನಲ್ಲಿ ಹೂತುಹೋದ ಬೀಜಗಳು ಹಲವು ವರ್ಷಗಳ ವರೆಗೆ ಜೀವ ಹಿಡಿದಿರುತ್ತವೆ.

ಇನ್ನು ಈ ಗಿಡದಿಂದಾಗುವ ತೊಂದರೆಗಳು. ಇದರ ಎಲೆ, ಕಾಂಡ, ಹೂಗಳ ಮೇಲಿನ ನವಿರಾದ ರೋಮಗಳಲ್ಲಿ 'ಪಾರ್ಥೇನಿನ್' ಎಂಬ ಕಹಿಯಾದ ರಾಸಾಯನಿಕ ವಸ್ತುವಿದೆ. ಗಿಡವನ್ನು ಕೀಟಗಳಿಂದ ಮತ್ತು ಮೇಯುವ ಪ್ರಾಣಿಗಳಿಂದ ಕಾಪಾಡುವ ರಕ್ಷಾಕವಚವಿದು. ಗಿಡದೊಡನೆ ಮತ್ತೆ ಮತ್ತೆ ಸಂಪರ್ಕ ಹೊಂದಿದ ಕೆಲವರ ಚರ್ಮ ಈ ವಸ್ತುವನ್ನು ಸಹಿಸದಂತಾಗುತ್ತದೆ. ಮುಖ, ಕಣ್ಣುರೆಪ್ಪೆ, ಕತ್ತು, ಮೊಣಕೈಯ ಮಡಿಕೆ ಮುಂತಾದ ಕಡೆಗಳಲ್ಲಿ ಕೆಂಪಡರಿ, ನವೆಯೆದ್ದು, ಚರ್ಮ ದಪ್ಪವಾಗಿ ಬಿರಿಯುತ್ತದೆ. ಒಮ್ಮೆ ಹೀಗಾದವರು ಗಿಡವನ್ನು ಮುಟ್ಟಬೇಕೆಂದೇನೂ ಇಲ್ಲ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಸೋಂಕಿದರೂ ಸಾಕು, ರೋಗ ಮರುಕಳಿಸುತ್ತದೆ. ಪರಾಗದಿಂದ ಕೆಲವರಿಗೆ ಸೀನು, ನೆಗಡಿ, ಉಬ್ಬಸಗಳುಂಟಾಗುತ್ತವೆ. ಪುಣೆಯ ಸುತ್ತಮುತ್ತ ಇಂತಹ ಚರ್ಮರೋಗಿಗಳ ಸಂಖ್ಯೆ ಹೆಚ್ಚಿದುದನ್ನು ವೈದ್ಯರು 1970ರ ದಶಕದಲ್ಲಿ ವೈಜ್ಞಾನಿಕ ಪತ್ರಿಕೆಗಳಲ್ಲಿ ವರದಿ ಮಾಡಿದರು. ಎಲ್ಲರಿಗೂ ಈ ತೊಂದರೆ ಬರುವುದಿಲ್ಲವೆಂಬುದು ನಿಜ. ಆದರೆ ಬಂದವರ ಪಾಡು ಕಠಿಣವಾದದ್ದು. ಅದರಲ್ಲಿಯೂ ಬರಿಗೈಯಲ್ಲಿ ಕಳೆ ಕಿತ್ತು ದಿನದ ಕೂಲಿಯನ್ನು ಸಂಪಾದಿಸುವವರಿಗೆ ಈ ರೋಗ ಬಂದರೆ ಕೂಲಿಯೂ ತಪ್ಪುತ್ತದೆ, ಔಷಧಿಯ ಖರ್ಚೂ ತಲೆಯ ಮೇಲೆ ಬೀಳುತ್ತದೆ.

ದನಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಬೇರೆ ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ. ಹೆಚ್ಚು ತಿಂದರೆ ಪಶುವಿನ ಆರೋಗ್ಯವೇ ಕೆಡುತ್ತದೆ. ಗೋಮಾಳದಲ್ಲಿ ಈ ಗಿಡ ಹಬ್ಬಿತೆಂದರೆ ಹುಲ್ಲು ಹಿಂದೆಗೆಯುತ್ತದೆ, ಮೇವಿಗೆ ಅಭಾವ ತಲೆದೋರುತ್ತದೆ. ಹೊಲದಲ್ಲಿ ಇದು ಬೆಳೆಯ ಪಾಲಿನ ನೀರು, ಬೆಳಕು, ಸಾರಗಳನ್ನು ಕಸಿದುಕೊಳ್ಳುತ್ತದೆ. ಸಾಲದುದಕ್ಕೆ ಇದರ ಬೇರು ಎಲೆಗಳಿಂದ ಮಣ್ಣಿಗಿಳಿಯುವ ರಾಸಾಯನಿಕಗಳು ಬೇರೆ ಗಿಡಗಳ ಮೊಳಕೆಯನ್ನೂ ಬೆಳವಣಿಗೆಯನ್ನೂ ಕುಂಠಿತಗೊಳಿಸುತ್ತವೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕಾಂಚನ್ ಮತ್ತು ಜಯಚಂದ್ರ ಎಂಬ ಸಸ್ಯವಿಜ್ಞಾನಿಗಳು ಇನ್ನೂ ವಿಚಿತ್ರವಾದ ಒಂದು ಸಂಗತಿಯನ್ನು 1980ರಲ್ಲಿ ಪ್ರಕಟಿಸಿದರು. ಪಾರ್ಥೇನಿಯಮ್ಮಿನ ಪರಾಗವು ಹತ್ತಿರದ ಬೇರೆ ಗಿಡಗಳ ಹೂಗಳ ಮೇಲೆ ಬಿದ್ದರೆ, ಆ ಹೂಗಳು ಕಾಯಿಕಟ್ಟುವುದಕ್ಕೇ ಅಡ್ಡಿಯಾಗುತ್ತದೆ. ಶತ್ರುವನ್ನು ಬೇರಿನಿಂದ ಮಾತ್ರವಲ್ಲ, ಗಾಳಿಯ ಮೂಲಕವೂ ಹಣಿಯುವ ಉಪಾಯವಿದು!

ಈ ಗಿಡದ ತವರು ನಮ್ಮ ದೇಶವಲ್ಲ. ಮೆಕ್ಸಿಕೋ ಕೊಲ್ಲಿಯ ಸುತ್ತಣ ನಾಡುಗಳನ್ನೊಳಗೊಂಡ ಅಮೆರಿಕದ ಉಷ್ಣ ಪ್ರದೇಶಗಳೇ ಇದರ ಮೂಲಸ್ಥಾನ. ಅಲ್ಲಿಯ ಕೆಲವು ಕಡೆಗಳಲ್ಲಿ ಇದನ್ನು ಜ್ವರ ಮುಂತಾದವಕ್ಕೆ ನಾಟಿ ಔಷಧಿಯಾಗಿ ಬಳಸುವುದೂ ಉಂಟು. ತವರಿನಲ್ಲಿ ಇದು ಹತ್ತರೊಡನೆ ಹನ್ನೊಂದನೆಯ ಗಿಡ. ಎಲೆ ತಿನ್ನುವ ಹುಳು, ಕಾಂಡ ಕೊರೆಯುವ ಹುಳು, ಬೀಜ ತಿನ್ನುವ ಹುಳು, ತುಕ್ಕುರೋಗ, ಹೀಗೆ ಹಲವು ಶತ್ರುಗಳು ಸಾವಿರಾರು ವರ್ಷಗಳಿಂದ ಇದರ ಬೆನ್ನುಹತ್ತಿ ಇದನ್ನು ಹತೋಟಿಯಲ್ಲಿಟ್ಟಿವೆ. ಕಡಲನ್ನು ದಾಟಿದ್ದು ಬೀಜ ಮಾತ್ರ; ಶತ್ರುಗಳು ಆಚೆಯ ದಡದಲ್ಲಿಯೇ ಉಳಿದುಕೊಂಡವು. ಇಲ್ಲಿಯ ಕೀಟಗಳಿಗೆ ಅದರ ಕಹಿ ಹೊಸದು. ಇಲ್ಲಿಯ ದನಗಳಿಗೆ ಅದು ರುಚಿಸದು. ಹೀಗೆ ತಡೆಯುವವರಿಲ್ಲದ ಊರಿನಲ್ಲಿ ಅದು ದೊರೆಯಾಯಿತು. ಭಾರತದಲ್ಲಿ ಮಾತ್ರವಲ್ಲ, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿಯೂ ಪೂರ್ವ ಆಫ್ರಿಕದ ಇಥಿಯೋಪಿಯದಲ್ಲಿಯೂ ಇದೇ ಕಥೆ ನಡೆಯಿತು.

ನಮ್ಮ ದೇಶಕ್ಕೆ ಇದು ಬಂದುದು ಹೇಗೆ? 1950ರ ದಶಕದಲ್ಲಿ ಆಹಾರದ ಅಭಾವವಿದ್ದಾಗ ಅಮೆರಿಕದಿಂದ ತರಿಸಿದ ಗೋಧಿಯೊಡನೆ ಈ ಬೀಜವೂ ಬಂತೆಂಬುದು ಜನಜನಿತವಾದ ಮಾತು. 'ಪಿ.ಎಲ್. 480' ಎಂಬ ಕಾನೂನಿನ ಮೇರೆಗೆ ಬಂದ ಗೋಧಿಯ ಹೆಸರನ್ನು ಹಿರಿಯರ ಬಾಯಿಂದ ನೀವು ಕೇಳಿರಬಹುದು. ಪುಣೆಯಲ್ಲಿ ಈ ಗಿಡವನ್ನು ಕಂಡ ವರದಿ ಪ್ರಕಟವಾದುದು 1956ರಲ್ಲಿ. ಆದರೆ ಆ ಕಾನೂನಿನ ಮೇರೆಗೆ ಭಾರತ ಅಮೆರಿಕಗಳ ನಡುವೆ ಒಪ್ಪಂದವಾದುದು 1956ರ ಆಗಸ್ಟ್ ತಿಂಗಳಿನಲ್ಲಿ; ಗಿಡವು ಪುಣೆಯಲ್ಲಿ ಅದಕ್ಕೂ ಮೊದಲೇ ಬೇರೂರಿತ್ತು. 1951ರಲ್ಲಿಯೂ ಅಮೆರಿಕದಿಂದ ಗೋಧಿ ಬಂದಿದ್ದುದರಿಂದ ಧಾನ್ಯದೊಡನೆ ಬೀಜ ಬಂದಿರಬಹುದೆಂಬ ಊಹೆಯನ್ನು ಸಂಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೂ ಬಹಳ ಹಿಂದೆ, 1814ರಲ್ಲಿ, ವಿಲಿಯಂ ರಾಕ್ಸ್‌ಬರ್ಗ್ ಎಂಬ ಸಸ್ಯವಿಜ್ಞಾನಿಯು ಕಲಕತ್ತೆಯ ಸಸ್ಯೋದ್ಯಾನದ ಗಿಡಗಳ ಪಟ್ಟಿಯಲ್ಲಿ ಇದರ ಹೆಸರನ್ನು ಸೇರಿಸಿದ್ದುದನ್ನು ಮುಂದಿನವರು ಎತ್ತಿ ತೋರಿಸಿದ್ದಾರೆ. ಎಲ್ಲರೂ ಹೇಳುತ್ತಾರೆಂಬ ಕಾರಣದಿಂದಲೇ ಒಂದು ಮಾತು ಸಿದ್ಧಾಂತವಾಗುವುದಿಲ್ಲ. ಇಸವಿಗಳನ್ನು ಕೂಡಿಸಿ ನೋಡುವುದು, ಹಳೆಯ ದಾಖಲೆಗಳನ್ನು ತೆರೆದು ನೋಡುವುದು, ಇದು ವಿಜ್ಞಾನದ ಮಾರ್ಗ.

ಬಂದ ಬಗೆ ಯಾವುದೇ ಇರಲಿ, 1950ರ ದಶಕದ ಅನಂತರ ಅದು ಹಬ್ಬಿದ ವೇಗ ಬೆರಗುಗೊಳಿಸುವಂತಹದು. ಜಬಲಪುರದ ಕಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಂದಾಜಿನಂತೆ ಇದು ನಮ್ಮ ದೇಶದ ಸುಮಾರು 3.5 ಕೋಟಿ ಹೆಕ್ಟೇರ್ ಭೂಮಿಯಲ್ಲಿ ಹರಡಿದೆ. ರಸ್ತೆ, ಕಾಲುವೆ, ಬಡಾವಣೆಗಳಿಗಾಗಿ ನಾವು ಎಲ್ಲೆಲ್ಲಿ ನೆಲವನ್ನು ಅಗೆದು ಬರಿದು ಮಾಡಿದೆವೋ ಅಲ್ಲೆಲ್ಲ ಅದು ಮೊದಲು ಬಂದು ನೆಲೆಸಿತು. ದಟ್ಟವಾಗಿ ಹುಲ್ಲು ಬೆಳೆದ ನೆಲದಲ್ಲಿ ಅದಕ್ಕೆ ಅಷ್ಟು ಸುಲಭವಾಗಿ ಪ್ರವೇಶ ದೊರೆಯದು. ಬರಿದಾದ ನೆಲವೇ ಅದಕ್ಕೆ ನಾವು ಕೊಟ್ಟ ಆಹ್ವಾನಪತ್ರಿಕೆ.

ಇದನ್ನು ನಿವಾರಿಸುವ ಉಪಾಯಗಳೇನು? ಕೈಯಿಂದ ಕೀಳುವುದು ಮೊದಲನೆಯದು. ಮನೆಯ ಅಂಗಳಕ್ಕೆ, ಶಾಲೆಯ ಆವರಣಕ್ಕೆ ಅದು ತಕ್ಕ ಉಪಾಯ. ಲಕ್ಷಾಂತರ ಹೆಕ್ಟೇರುಗಳಿಗೆ ಅದು ಸಾಲದು. ಕಳೆನಾಶಕಗಳನ್ನು ಸಿಂಪಡಿಸಬಹುದು. ಆದರೆ ಅವುಗಳಿಗೆ ಹಣ ಬೇಕು. ಪ್ರತಿ ಮಳೆಗಾಲದಲ್ಲಿಯೂ ಹೊಸ ಬೀಜಗಳು ಮೊಳೆಯುವುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕು. ಅಕ್ಕಪಕ್ಕದ ಉಪಯುಕ್ತ ಸಸ್ಯಗಳಿಗೂ ನೀರಿಗೂ ಹಾನಿಯಾಗದಂತೆ ಎಚ್ಚರ ವಹಿಸಬೇಕು. ಮೂರನೆಯದು, ಒಂದು ಗಿಡದ ಮೇಲೆ ಇನ್ನೊಂದು ಗಿಡವನ್ನು ಪೈಪೋಟಿಗೆ ಬಿಡುವುದು. ತಗಚೆಯ ಬಳಗಕ್ಕೆ ಸೇರಿದ 'ಕಾಸಿಯ ಸೆರಿಸಿಯ' ಎಂಬ ಗಿಡ ಒತ್ತಾಗಿ ಬೆಳೆದ ಕಡೆಗಳಲ್ಲಿ ಪಾರ್ಥೇನಿಯಮ್ ಕ್ರಮೇಣ ಹಿಂದೆ ಸರಿಯುವುದನ್ನು ಕರ್ನಾಟಕದ ಕೃಷಿ ವಿಜ್ಞಾನಿಗಳು ಗಮನಿಸಿದರು. ಭತ್ತದ ತಳಿಗಳಿಗಾಗಿ ಹೆಸರಾದ ಡಾ. ಎಂ. ಮಹದೇವಪ್ಪನವರು ಈ ವಿಷಯದಲ್ಲಿ ವಿಶೇಷವಾದ ಆಸಕ್ತಿ ವಹಿಸಿದ್ದರು. ಈ ಕಳೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು.

ನಾಲ್ಕನೆಯ ಉಪಾಯದ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದುದು. ಶತ್ರುಗಳನ್ನು ತವರಿನಲ್ಲಿ ಬಿಟ್ಟು ಬಂದುದರಿಂದಲೇ ತಾನೆ ಈ ಗಿಡಕ್ಕೆ ಇಷ್ಟು ಬಲ ಬಂದುದು? ಹಾಗಾದರೆ ಆ ಶತ್ರುಗಳಲ್ಲಿ ಒಂದನ್ನು ಇಲ್ಲಿಗೆ ಕರೆತಂದರೇನು? ಇದಕ್ಕೆ ಜೈವಿಕ ನಿಯಂತ್ರಣವೆಂದು ಹೆಸರು. ಮೆಕ್ಸಿಕೋ ದೇಶದಲ್ಲಿ ಪಾರ್ಥೇನಿಯಮ್ಮನ್ನು ತಿಂದು ಬದುಕುವ 'ಜೈಗೋಗ್ರಾಮ ಬೈಕಲರೇಟ' ಎಂಬ ಪುಟ್ಟ ದುಂಬಿಯೊಂದಿದೆ. ಉದ್ದ ಸುಮಾರು ಆರು ಮಿಲಿಮೀಟರ್. ಕೆನೆಬಣ್ಣದ ಬೆನ್ನಿನ ಮೇಲೆ ಉದ್ದುದ್ದವಾದ ಕಂದುಗೆರೆಗಳು. ಹೆಣ್ಣುದುಂಬಿ ಪಾರ್ಥೇನಿಯಮ್ಮಿನ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳುಗಳು ಎಳೆಯ ಕುಡಿಗಳನ್ನೂ ಎಲೆಗಳನ್ನೂ ಮೇಯುತ್ತವೆ. ಬೆಳೆದ ಮೇಲೆ ಮಣ್ಣಿಗಿಳಿದು ಕೋಶಾವಸ್ಥೆಯನ್ನು ಕಳೆದು ದುಂಬಿಗಳಾಗಿ ಹೊರಬರುತ್ತವೆ. ಕುಡಿಯನ್ನು ಕಳೆದುಕೊಂಡ ಗಿಡ ಹೂಬಿಡಲಾರದು.

ಆದರೆ ಒಂದು ಪರದೇಶದ ಗಿಡದಿಂದ ಪೆಟ್ಟು ತಿಂದವರು, ಅದನ್ನು ಅಡಗಿಸಲೆಂದು ಇನ್ನೊಂದು ಪರದೇಶದ ಪ್ರಾಣಿಯನ್ನು ತರುವಾಗ ನೂರು ಸಲ ಯೋಚಿಸಬೇಕಲ್ಲವೆ? ಪಾರ್ಥೇನಿಯಮ್ ಮುಗಿದ ಮೇಲೆ ಆ ದುಂಬಿ ನಮ್ಮ ಬೆಳೆಗಳಿಗೆ ಬಾಯಿಟ್ಟರೆ ಗತಿಯೇನು? ಆದ್ದರಿಂದ 1983ರಲ್ಲಿ ಬೆಂಗಳೂರಿಗೆ ತಂದ ದುಂಬಿಗಳನ್ನು ಕೂಡಲೆ ಹೊರಗೆ ಬಿಡಲಿಲ್ಲ. ಅವುಗಳನ್ನು ಬಂಧನದಲ್ಲಿಟ್ಟು, ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಹಲವಾರು ಬೆಳೆಗಳ ಮತ್ತು ಗಿಡಗಳ ಎಲೆಗಳನ್ನು ಒಂದೊಂದಾಗಿ ಮುಂದಿಟ್ಟು ಪರೀಕ್ಷಿಸಿದರು. ಪಾರ್ಥೇನಿಯಮ್ಮಿನ ಮೇಲೆ ಹೊರತು ಬೇರೆಡೆ ಅವು ಬಾಳಿ ವಂಶಾಭಿವೃದ್ಧಿ ಮಾಡಲಾರವೆಂದು ನಂಬಿಕೆ ಹುಟ್ಟಿದ ಮೇಲೆ, 1984ರಲ್ಲಿ, ಬೆಂಗಳೂರಿನ ಬಯಲಿನಲ್ಲಿ ಬಿಟ್ಟರು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಕೆ. ಪಿ. ಜಯಂತ್ ಮತ್ತು ಅವರ ಸಹೋದ್ಯೋಗಿಗಳು ದುಂಬಿಗಳ ಬೆಳವಣಿಗೆಯನ್ನು ವರ್ಷ ವರ್ಷವೂ ಗಮನಿಸಿದರು. ಮೊದಲೆರಡು ವರ್ಷಗಳು ಹೆಚ್ಚಿನ ಫಲ ಕಾಣಲಿಲ್ಲ. ಕ್ರಮೇಣ ದುಂಬಿಗಳ ಸಂಖ್ಯೆ ಬೆಳೆಯಿತು. 1980ರ ದಶಕ ಮುಗಿಯುವ ವೇಳೆಗೆ ಬೆಂಗಳೂರಿನ ಹಲವು ಬಯಲುಗಳಲ್ಲಿ ಎಲೆಯಿಲ್ಲದೆ ಕಡ್ಡಿಯಾಗಿ ನಿಂತ ಪಾರ್ಥೇನಿಯಮ್ ಗಿಡಗಳು ಕಾಣತೊಡಗಿದುವು.

ಅಷ್ಟರಲ್ಲಿ ಒಂದು ಆಪಾದನೆ ಬಂತು. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಕೆಲವು ಹೊಲಗಳಲ್ಲಿ ಈ ದುಂಬಿಗಳು ಸೂರ್ಯಕಾಂತಿಯ ಎಲೆಗಳನ್ನು ಕಡಿದದ್ದು ಕಂಡಿತು. ಸೂರ್ಯಕಾಂತಿ ಆಗ ನಮ್ಮ ರಾಜ್ಯದ ರೈತರು ಬಲು ವಿಸ್ತಾರವಾಗಿ ಬೆಳೆಯುತ್ತಿದ್ದ ಎಣ್ಣೆಬೀಜ. ಮೇಲಾಗಿ ಅದು ಪಾರ್ಥೇನಿಯಮ್ಮಿನ ಕುಟುಂಬದ್ದೇ. ಕಳೆಯನ್ನು ಕೊಲ್ಲಲು ತಂದ ಹುಳು ಬೆಳೆಯನ್ನೇ ತಿನ್ನಲು ಹೊರಟಿತೆಂದು ರೈತರು ಕಳವಳಗೊಂಡುದು ಸಹಜವೇ ಆಗಿತ್ತು. ವಿವಾದ ಬೆಳೆದು, ದುಂಬಿಗಳನ್ನು ಹೊಸ ಕಡೆಗಳಲ್ಲಿ ಬಿಡುವುದನ್ನು ನಿಲ್ಲಿಸಬೇಕಾಯಿತು. ವಿಚಾರಣೆಗೆ ಸಮಿತಿಯೂ ನೇಮಕವಾಯಿತು.

ವಿಜ್ಞಾನಿಗಳ ಮುಂದೆ ಎರಡು ಸುಲಭವಾದ ದಾರಿಗಳಿದ್ದುವು. ತಮ್ಮ ಹಿಂದಿನ ಪರೀಕ್ಷೆಗಳನ್ನೇ ನಂಬಿ 'ರೈತರು ಕಂಡದ್ದು ಸುಳ್ಳು' ಎನ್ನಬಹುದಾಗಿತ್ತು. ಇಲ್ಲವೆ ಕೂಗಿಗೆ ಅಂಜಿ 'ದುಂಬಿಯೇ ಅಪರಾಧಿ' ಎಂದು ಕೈತೊಳೆದುಕೊಳ್ಳಬಹುದಾಗಿತ್ತು. ಅವರು ಎರಡನ್ನೂ ಬಿಟ್ಟು ಮೂರನೆಯ ದಾರಿಯನ್ನು ಹಿಡಿದರು. ರೈತರು ಕಂಡದ್ದೂ ನಿಜ, ಪರೀಕ್ಷೆಯ ಫಲವೂ ನಿಜವಾಗಿದ್ದರೆ, ಎರಡನ್ನೂ ಹೊಂದಿಸುವ ಕಾರಣವೊಂದು ಇರಲೇಬೇಕು. ಅದು ಯಾವುದು?

ಉತ್ತರ ದೊರೆತುದು ಪಾರ್ಥೇನಿಯಮ್ಮಿನ ಪರಾಗದಲ್ಲಿ. ದುಂಬಿಯು ತನ್ನ ಆಹಾರವನ್ನು ಗುರುತಿಸುವುದು ಎಲೆಯ ಆಕಾರದಿಂದಲ್ಲ, ಅದರಲ್ಲಿರುವ ರಾಸಾಯನಿಕಗಳ ವಾಸನೆ ರುಚಿಗಳಿಂದ. ಹೊಲದ ಸುತ್ತ ದಟ್ಟವಾಗಿ ಬೆಳೆದ ಪಾರ್ಥೇನಿಯಮ್ಮಿನಿಂದ ಪರಾಗವು ಗಾಳಿಯಲ್ಲಿ ತೂರಿಬಂದು ಸೂರ್ಯಕಾಂತಿಯ ಅಗಲವಾದ ಎಲೆಗಳ ಮೇಲೆ ಕುಳಿತಿತ್ತು. ಕಳೆಯ ರುಚಿಯನ್ನು ಹೊತ್ತ ಆ ಎಲೆಯನ್ನು ದುಂಬಿ ಕಳೆಯೆಂದೇ ತಿಳಿದು ಕಡಿದಿತ್ತು. ಸೂರ್ಯಕಾಂತಿಯ ಎಲೆಗಳಿಗೆ ಪಾರ್ಥೇನಿಯಮ್ಮಿನ ಪರಾಗವನ್ನು ಲೇಪಿಸಿ ಪ್ರಯೋಗ ಮಾಡಿದಾಗ ದುಂಬಿಗಳು ಅವುಗಳನ್ನು ಮೇಯಲು ತೊಡಗಿದುವು. ಜಯಂತ್ ಮತ್ತು ಸಂಗಡಿಗರು ಈ ಪ್ರಯೋಗದ ವಿವರಗಳನ್ನು 1993ರಲ್ಲಿ ಪ್ರಕಟಿಸಿದರು. ದುಂಬಿಯಿಂದ ಸೂರ್ಯಕಾಂತಿಗೆ ಅಪಾಯವಿಲ್ಲವೆಂದು ಕೊನೆಗೆ ತೀರ್ಮಾನವಾಗಿ, ಅದರ ಬಳಕೆ ಮುಂದುವರಿಯಿತು. ಬೆಳೆಯ ಮೇಲೆ ಬಿದ್ದ ಆ ಹಲ್ಲಿನ ಗುರುತಿಗೂ ಮೂಲಕಾರಣ ಹೊಲದ ಬದುವಿನಲ್ಲಿ ಬೆಳೆಯಲು ಬಿಟ್ಟ ಕಳೆಯೇ ಆಗಿತ್ತು.

ಹಾಗಾದರೆ ದುಂಬಿ ಗೆದ್ದಿತೆ? ಪೂರ್ತಿಯಾಗಿ ಗೆಲ್ಲಲಿಲ್ಲ. ಒಣಗಾಲದಲ್ಲಿ ದುಂಬಿಗಳು ಮಣ್ಣಿನಲ್ಲಿ ಹುದುಗಿ ನಿದ್ರಿಸುತ್ತವೆ. ಮಳೆ ಬಂದ ಮೇಲೆ ಎದ್ದು ಬರುತ್ತವೆ. ಅವುಗಳ ಸಂಖ್ಯೆ ಬೆಳೆಯಲು ಕೆಲವು ವಾರಗಳು ಬೇಕು. ಅಷ್ಟರೊಳಗೆ ಮುಂಚಿತವಾಗಿ ಮೊಳೆತ ಗಿಡಗಳು ಹೂಬಿಟ್ಟು ಬೀಜವನ್ನು ಉದುರಿಸಿರುತ್ತವೆ. ಕಡು ಬೇಸಗೆಯ, ಕಡು ಚಳಿಯ ಸೀಮೆಗಳಲ್ಲಿ ದುಂಬಿ ಚೆನ್ನಾಗಿ ವರ್ಧಿಸುವುದೂ ಇಲ್ಲ. ಆದುದರಿಂದ 1984ರಿಂದ ನಾಲ್ಕು ದಶಕಗಳು ಸಂದರೂ ಪಾರ್ಥೇನಿಯಮ್ ನಮ್ಮ ನಡುವೆ ಇದೆ. ದುಂಬಿ ಅದರ ಬಲವನ್ನು ಕುಗ್ಗಿಸಿದೆ, ಬೇರನ್ನು ಕಿತ್ತಿಲ್ಲ. ದುಂಬಿ, ಪೈಪೋಟಿಯ ಸಸ್ಯ, ಮನುಷ್ಯನ ಕೈ, ಈ ಮೂರೂ ಒಟ್ಟುಗೂಡಿದರೆ ಮಾತ್ರ ಕಳೆ ಹತೋಟಿಗೆ ಬರುತ್ತದೆಂಬುದು ಈಗಿನ ತಿಳಿವಳಿಕೆ. ಪ್ರತಿ ವರ್ಷ ಆಗಸ್ಟ್ 16ರಿಂದ 22ರ ವರೆಗೆ ದೇಶದಾದ್ಯಂತ ಕೃಷಿ ಸಂಸ್ಥೆಗಳು ಪಾರ್ಥೇನಿಯಮ್ ಜಾಗೃತಿ ಸಪ್ತಾಹವನ್ನು ಆಚರಿಸುತ್ತವೆ.

ಮನುಷ್ಯನ ಕೈಗೆ ಬಂದ ಪಾಲು ಯಾವುದೆಂಬುದನ್ನು ಗಿಡದ ಜೀವನಚರಿತ್ರೆಯೇ ಹೇಳುತ್ತದೆ. ಹೂಬಿಡುವ ಮುನ್ನ ಕಿತ್ತ ಒಂದು ಗಿಡವೆಂದರೆ, ಮಣ್ಣಿಗೆ ಬೀಳದೆ ಹೋದ 15,000 ಬೀಜಗಳು. ಹೂಬಿಟ್ಟ ಮೇಲೆ ಕಿತ್ತರೆ ಬೀಜ ಉದುರುತ್ತದೆ, ಪರಾಗ ಮೈಮೇಲೆ ಬೀಳುತ್ತದೆ. ಮಳೆ ಬಂದು ನೆಲ ಮೆದುವಾಗಿರುವಾಗ, ಕೈಗೆ ಚೀಲವನ್ನು ಹಾಕಿಕೊಂಡು, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಬೇರುಸಹಿತವಾಗಿ ಕೀಳಬೇಕು. ಚರ್ಮದ ಅಥವಾ ಉಸಿರಾಟದ ತೊಂದರೆಯುಳ್ಳವರು ಈ ಕೆಲಸದಿಂದ ದೂರವಿರಬೇಕು. ಹೂವಿಲ್ಲದ ಗಿಡಗಳನ್ನು ಗುಂಡಿಯಲ್ಲಿ ಸಗಣಿ ಮಣ್ಣುಗಳೊಡನೆ ಹೂತು ಕೊಳೆಸಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಕಿತ್ತ ನೆಲವನ್ನು ಬರಿದಾಗಿ ಬಿಡದೆ, ಅಲ್ಲಿ ಹುಲ್ಲನ್ನೋ ಚೆಂಡುಹೂವನ್ನೋ ಬೆಳೆಸಬೇಕು. ಬರಿನೆಲವನ್ನು ಬಿಟ್ಟವನು ಮರುವರ್ಷ ಅದೇ ಕಳೆಯನ್ನು ಮತ್ತೆ ಕೀಳಬೇಕಾಗುತ್ತದೆ.

ಈ ಗಿಡ ಯಾರ ಮೇಲೆಯೂ ಹಗೆಯಿಂದ ಬಂದುದಲ್ಲ. ಬದುಕಬೇಕೆಂಬ ಹಟ ಎಲ್ಲ ಜೀವಿಗಳಿಗೂ ಇರುವಂತೆ ಅದಕ್ಕೂ ಇದೆ. ತವರಿನಲ್ಲಿ ಆ ಹಟಕ್ಕೆ ಮಿತಿಯಿತ್ತು. ಇಲ್ಲಿ ಆ ಮಿತಿ ತಪ್ಪಿತು. ಒಂದು ಜೀವಿಯನ್ನು ಅದರ ನೆಲೆಯಿಂದ ಕಿತ್ತು ಬೇರೆಡೆಗೆ ಸಾಗಿಸುವಾಗ, ತಿಳಿದೋ ತಿಳಿಯದೆಯೋ, ಮನುಷ್ಯನು ಒಂದು ತಕ್ಕಡಿಯ ತೂಕವನ್ನು ಕೆಡಿಸುತ್ತಾನೆ. ಕೆಡಿಸಲು ಒಂದು ಹಿಡಿ ಬೀಜ ಸಾಕು. ಸರಿಪಡಿಸಲು ಹಲವು ವರ್ಷಗಳ ಅಧ್ಯಯನವೂ ಸಾವಿರಾರು ಕೈಗಳ ದುಡಿಮೆಯೂ ಬೇಕು. ಆ ಅಧ್ಯಯನದ ಒಂದು ಪಾಲು ನಡೆದುದು ನಮ್ಮ ನಾಡಿನಲ್ಲಿಯೇ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ದುಡಿಮೆಯ ಭಾಗ ಇನ್ನೂ ಉಳಿದಿದೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಪಾರ್ಥೇನಿಯಮ್ ಯಾವ ಕುಟುಂಬಕ್ಕೆ ಸೇರಿದ ಸಸ್ಯ?
2. ಇದರ ಒಂದು ಗೊಂಚಲಿನಲ್ಲಿ ಎಷ್ಟು ಬೀಜಗಳಾಗುತ್ತವೆ?
3. ಮೆಕ್ಸಿಕೋ ದೇಶದ ದುಂಬಿಯನ್ನು ಬೆಂಗಳೂರಿನ ಬಯಲಿನಲ್ಲಿ ಬಿಟ್ಟುದು ಯಾವಾಗ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ತವರಿನಲ್ಲಿ ಸಾಮಾನ್ಯವಾಗಿದ್ದ ಈ ಗಿಡ ನಮ್ಮ ದೇಶದಲ್ಲಿ ಪ್ರಬಲವಾದುದೇಕೆ?
2. ಗೋಧಿಯೊಡನೆ ಈ ಬೀಜ ಬಂತೆಂಬ ಮಾತನ್ನು ಲೇಖಕರು ಹೇಗೆ ಪರಿಶೀಲಿಸಿದ್ದಾರೆ?
3. ಹೂಬಿಡುವ ಮುನ್ನವೇ ಗಿಡವನ್ನು ಕೀಳಬೇಕೆನ್ನಲು ಕಾರಣವೇನು?

ಇ) ವಿವರವಾಗಿ ಉತ್ತರಿಸಿರಿ:
1. ದುಂಬಿಯ ಮೇಲೆ ಬಂದ ಆಪಾದನೆ ಯಾವುದು? ಅದರ ನಿಜಾಂಶ ಹೊರಬಿದ್ದುದು ಹೇಗೆ?

ಈ) ಮಾಡಿ ನೋಡಿರಿ:
ನಿಮ್ಮ ಊರಿನಲ್ಲಿ ಪಾರ್ಥೇನಿಯಮ್ ಬೆಳೆದಿರುವ ಒಂದು ಸ್ಥಳವನ್ನು ಗುರುತಿಸಿ, ಗಿಡಗಳನ್ನು ಮುಟ್ಟದೆ, ಅಲ್ಲಿ ಕಾಣುವ ಬೇರೆ ಸಸ್ಯಗಳ ಹೆಸರುಗಳನ್ನು ಪಟ್ಟಿಮಾಡಿರಿ. ಪಾರ್ಥೇನಿಯಮ್ ಇಲ್ಲದ ಅಷ್ಟೇ ವಿಸ್ತಾರದ ಇನ್ನೊಂದು ಸ್ಥಳದ ಪಟ್ಟಿಯೊಡನೆ ಅದನ್ನು ಹೋಲಿಸಿರಿ.